ವಿಷಮುಕ್ತ ಹೊಲ

...ಶೇಂದಿ ಕುಡದಿದ್ದ ಅಂತ ಹೇಳು, ಅಷ್ಟೇ. ಡಾಕ್ಟರ್ ಕೇಳಿದ್ರ ಇದೊಂದೇ ಮಾತು, ಸರುಬಾಯಿ. ಯಾಕ ಹಂಗ ನೋಡಾಕತ್ತಿ? ನಿನ್ನ ಗಂಡ ಜ್ಞಾನೇಶ್ವರನ ಕೊರಳಾಗ ತುಳಸಿ ಮಾಳಿ ಅದ, ಗೊತ್ತದ ನನಗ. ವರ್ಷಾ ಪಂಢರಪುರಕ್ಕ ನಡಕೊಂತ ಹೋಗ್ತಾನ, ಅದೂ ಗೊತ್ತದ. ಮಾಳಿ ಹಾಕ್ದವರೆಲ್ಲ ಸಂತರೇನು? ಬಿಡು, ಬಿಡು.

ಅವನ್ನ ಇಲ್ಲಿಗಿ ತಂದ ಆಟೋದ ಫಾಜಿಲ್ ಫೋನ್ ಮಾಡಿದ್ದ, ಅದಕ್ಕೇ ಹುಮನಾಬಾದ್ ದವಾಖಾನಿ ತನಕ ಓಡಿ ಬಂದೀನಿ. ‘ಬೆಳಿಗಿ ಯಾವ ಹುಳದ ಎಣ್ಣಿ ಹೊಡದಾನ, ಹೆಸರ ಬೇಕು’ ಅಂತ ಡಾಕ್ಟರ್ ಕೇಳಾಕತ್ತಾನಂತ. ನಗು ಬರ್ತದ ನನಗ. ಈ ಮಹಾರುದ್ರಪ್ಪನ ಹೊಲದಾಗ ಎಣ್ಣಿ? ರೋಡಿಗಿ ಕಾಣೋ ಹಂಗ ಬೋರ್ಡ್ ಬಡದಾರ ಇಲಾಖೆಯವರು, ‘ವಿಷಮುಕ್ತ ಹೊಲ’ ಅಂತ. ಮಣ್ಣು ಉಳಸ್ತಾನ ಅಂತ ಮೂರು ವರ್ಷದಿಂದ ಸರಕಾರ ನನಗ ಸಬ್ಸಿಡಿ ಕೊಡಾಕತ್ತದ. ಪುಕ್ಕಟ ಕೊಡ್ತಾರೇನು?

ಆ ಆಫೀಸರ್‌ಗಳರ ಎಂಥವರು ಅಂತಿ... ಬೂಟಿಗಿ ಮಣ್ಣ ಹತ್ತತದಂತ ಜೀಪ್ ಬಿಟ್ಟು ಇಳಿಯಂಗಿಲ್ಲ. ನನ್ನ ಆಕಳ ಜೋಡಿ ಫೋಟೋ ತಗೀತಾರ. ಗೋಮೂತ್ರದ ಡ್ರಮ್ ತೋರಸಿದ್ರ ಮೂಗ ಮುಚಗೊಂಡು ಸಹಿ ಹಾಕ್ತಾರ. ಒಳಗ ಏನದ ಅಂತ ಒಬ್ಬನರ ಬಗ್ಗಿ ನೋಡ್ಯಾನೇನು? ಬರೀ ನೀರ!

ನಕ್ಕಿ ಏನು? ಇಲ್ಲಾ? ತೊಗರಿ ಹುಳಕ್ಕ ಆಕಳ ಉಚ್ಚಿ ಹೊಡದ್ರ ಅದು ಸೊಕ್ಕಿ ಇನ್ನೆರಡು ಕಾಯಿ ಜಾಸ್ತಿ ತಿಂತದ. ಬೆಳಿ ಉಳೀಬೇಕಲ್ಲ? ಅಂದ್ರ... ಬೇವಿನ ರಸ ಹೊಡಸೀನಿ. ಬೇವಿಂದು.

ಏನದು ಕೈಯಾಗ? ಜ್ಞಾನೇಶ್ವರನ ಅಂಗಿ? ನನ್ನ ಮಾರಿಗಿ ಯಾಕ ಹಿಡೀತಿ, ದೂರ ತಗಿ. ಬೇವು ಹಿಂಗೇ ನಾರತದ... ಸುಳ್ಳ ಅಂತಿಯೇನು? ಅನ್ನು, ಬಾಯಿ ಬಿಟ್ಟು ಅನ್ನು. ಆವಾಗಿಂದ ನಾನೊಬ್ಬನೇ ಒದರಾಕತ್ತೀನಿ.

ನಿನಗೇನು ಗೊತ್ತದ ನನ್ನ ಫಜೀತಿ? ನಾಡದು ತಪಾಸಣಿ ಅದ. ಗೊತ್ತಾದ್ರ ಕೊಟ್ಟಿದ್ದೆಲ್ಲ ವಾಪಸ್ ಕೇಳ್ತಾರ, ಬೋರ್ಡ್ ಕಿತ್ತಕೊಂಡು ಹೋಗ್ತಾರ, ಊರಾಗ ಮಾರಿ ಎತ್ತಿ ತಿರಗಾಕ ಬರಂಗಿಲ್ಲ. ಅದಕ್ಕೇ ಬಾಟಲಿ ಮ್ಯಾಲಿನ ಚೀಟಿ ಕೆರದು ಒಗದಿದ್ದೆ. ಮಂದಿ ಏಳೋದ್ರೊಳಗ ಹೊಡದು ಮುಗಸು ಅಂದಿದ್ದೆ. ಬಾಯಿಗಿ ಅರಬಿ ಕಟಗೋ ಅಂತನೂ ಹೇಳಿದ್ದೆ... ಹೇಳಿದ್ನೋ ಇಲ್ಲೋ. ಹೇಳಿದ್ದೆ ಅನಸ್ತದ.

ಸರೂ, ಏನರ ಅನ್ನವ್ವಾ. ಬೈ. ನಿನ್ನ ಗಂಡ ನನ್ನ ಹೊಲದಾಗ ಹನ್ನೆರಡು ವರ್ಷ ದುಡದಾನ, ನನಗ ಕರುಳಿಲ್ಲೇನು?

ಆತು. ಆತು, ಕೇಳು. ಮೊನೊಕ್ರೊಟೊಫಾಸ್. ಪಂಪಿಗಿ ಎರಡು ಪಟ್ಟು ಹಾಕು ಅಂದಾಂವ ನಾನೇ. ಒಳಗ ಹೋಗಿ ಡಾಕ್ಟರ್‌ಗ ಇದೇ ಹೆಸರ ಹೇಳು. ಹೆಸರ ಸಿಕ್ಕ ಮ್ಯಾಲ ಸೂಜಿ ಮಾಡ್ತಾರ, ಉಳೀತಾನ. ನನ್ನ ಸಬ್ಸಿಡಿ ಹಾಳಾಗಿ ಹೋಗ್ಲಿ, ನೀ ಓಡು.

ಯಾಕ ಕುಂತಿ? ಹೆಸರ ಹೇಳಿದ್ನಲ್ಲ, ಏಳು. ನೀ ಹೋಗಂಗಿಲ್ಲ ಅಂದ್ರ ನಾನೇ ಹೋಗಿ ಹೇಳ್ತೀನಿ, ಸೆರಗು ತಗಿ, ಮಾರಿ ತೋರಸು...

ಸರೂ, ನಾ ಬರೋಕ್ಕಿಂತ ಮೊದಲೇ ಜೀವ ಹೋಗಿತ್ತೇನು?