ದೇವೇಂದ್ರನ ಇಲಿಗಳು, ದೇವೇಂದ್ರನ ಅವ್ವ

ಸೇರಿರುವ ಮೊಳಕಾಲ್ಮೂರಿನ ಹಿರಿಯರೇ, ನೇಕಾರ ಬಂಧುಗಳೇ, ಚಳ್ಳಕೆರೆಯಿಂದ ಬಂದ ನಮ್ಮ ಪ್ರಯೋಗಾಲಯದವರೇ, ದೇವೇಂದ್ರನ ಮಡದಿ ರಂಜಿತಾ — ಎಲ್ಲರಿಗೂ ನಮಸ್ಕಾರ. ನಾನು ತಿಪ್ಪೇರುದ್ರಮ್ಮ. ದೇವೇಂದ್ರ ಸಂಶೋಧನೆ ಮಾಡುತ್ತಿದ್ದ ಇಲಿಗಳನ್ನು ಸಾಕುವ ಕೋಣೆಯ ಉಸ್ತುವಾರಿ ನನ್ನದು. ಓದಿದ್ದು ಹೈಸ್ಕೂಲು. ಆದರೂ ಕೈ ತೊಳೆಯದೆ ಯಾವ ಡಾಕ್ಟರೂ ನನ್ನ ಬಾಗಿಲು ದಾಟಿಲ್ಲ.

ದೇವೇಂದ್ರನನ್ನೂ ಗದರುತ್ತಿದ್ದೆ. ಅವನು ನಗುತ್ತಿದ್ದ. "ಮೆತ್ತಗೆ ಮಾತಾಡ್ರಿ ಅಮ್ಮ. ಇಲಿಗಳು ನಿಮ್ಮನ್ನ ನೆನಪಿಟ್ಕೊಂಡು ನನ್ನ ಪಾಠ ಮರೀತಾವೆ."

ಪಾಠವೆಂದರೆ — ಒಂದು ತೊಟ್ಟಿ ನೀರು. ಅದರೊಳಗೆ ಕಾಣದ ಹಾಗೆ, ಕಾಲೂರಲು ಇಷ್ಟೇ ಇಷ್ಟು ಕಟ್ಟೆ. ಇಲಿ ಈಜಿ ಈಜಿ ಅದನ್ನು ಹುಡುಕಿಕೊಳ್ಳಬೇಕು. ಕಲಿತ ಇಲಿ ಮತ್ತೆ ಬಿಟ್ಟಾಗ ನೇರ ಅಲ್ಲಿಗೇ ಹೋಗುತ್ತದೆ. ಕೆಲವು ಹೋಗುವುದಿಲ್ಲ. ಕಲಿತದ್ದು ಮಿದುಳಿನಲ್ಲಿ ಉಳಿಯಲು ಬೇಕಾದ ಒಂದು ಪ್ರೋಟೀನ್ ಅವಕ್ಕಿಲ್ಲ. ದೇವೇಂದ್ರ ಅದನ್ನು ಮಗ್ಗದ ಮಾತಿನಲ್ಲಿ ಹೇಳಿದ್ದ — "ಹಾಸು ಐತಮ್ಮ, ಹೊಕ್ಕು ಬೀಳ್ತಿಲ್ಲ." ಉದ್ದದ ನೂಲಿದೆ, ಅಡ್ಡದ ನೂಲು ಸೇರದೆ ಬಟ್ಟೆಯಾಗುತ್ತಿಲ್ಲ ಎಂದು. ಆ ಇಲಿಗಳಿಗೆ ದಿನವೂ ಮೊದಲ ದಿನದ ನೀರು, ಮೊದಲ ದಿನದ ಹೆದರಿಕೆ. ಕಣ್ಣು ಮುಚ್ಚಿದರೆ ಈಗಲೂ ನನಗೆ ಆ ನೀರು ಬಡಿಯುವ ಸದ್ದು.

ಅವನ ಅವ್ವ ಪೆದ್ದಮ್ಮನವರಿಗೆ ಮರೆವಿನ ಕಾಯಿಲೆ. ಅವನು ಈ ಕೆಲಸ ಹಿಡಿದದ್ದೇ ಅವ್ವನಿಗಾಗಿ.

ಕಳೆದ ವಾರ ರಸ್ತೆ ಅಪಘಾತದಲ್ಲಿ ಅವನೇ ಹೋದ. ರಂಜಿತಾ ತನ್ನ ಅತ್ತೆಗೆ ಹೇಳಿದಳು. ಎದೆ ಬಡಿದುಕೊಂಡು ಅತ್ತರು. ಮಲಗಿ ಎದ್ದವರೇ ಕೇಳಿದರು — "ದೇವೇಂದ್ರ ಬಂದ್ನೇನಮ್ಮ?"

ಆಮೇಲೆ ನೀವೆಲ್ಲ ಬಂದಿರಿ. ಸಾವಿನ ಮನೆಯ ರೂಢಿಯಂತೆ ಹೆತ್ತವಳನ್ನು ತಬ್ಬಿ ಅತ್ತಿರಿ. ಅದು ಮಮತೆಯೇ, ಅಲ್ಲವೆನ್ನುವುದಿಲ್ಲ. ಆದರೆ ಒಬ್ಬೊಬ್ಬರು ತಬ್ಬಿದಾಗಲೂ — ಆ ತಾಯಿಗೆ ಮಗ ಆಗ ತಾನೇ ಸತ್ತ.

ತಾಯಿಗೆ ಮಗನ ಸಾವು ಮುಚ್ಚಿಡುವುದು ಪಾಪ ಎಂದು ಈ ಮನೆಯ ಹಿರಿಯರಾದ ಕರಿಯಕ್ಕನವರು ಬೆಳಿಗ್ಗೆ, ಇನ್ನು ಹೇಳಲಾರೆ ಎಂದ ರಂಜಿತಾಳನ್ನು ಬೈದರು. ಅವಳು ತಲೆ ತಗ್ಗಿಸಿದಳು. ನಾನು ತಗ್ಗಿಸುವುದಿಲ್ಲ. ಮುಚ್ಚಿಟ್ಟಿಲ್ಲ ಕರಿಯಕ್ಕ — ಹೇಳಿಯಾಗಿದೆ. ಅದು ಅವರಲ್ಲಿ ಉಳಿಯುತ್ತಿಲ್ಲ. ಉಳಿಯುತ್ತಿರುವುದು ಅಳು ಒಂದೇ.

ಇನ್ನು ಯಾರೂ ಹೇಳಕೂಡದು. ಕೇಳಿದರೆ, ಕೆಲಸಕ್ಕೆ ಹೋಗಿದ್ದಾನೆ ಎನ್ನಿ. ಸುಳ್ಳಿನ ಪಾಪ ನನಗಿರಲಿ.

ಪೆದ್ದಮ್ಮನವರು ಈ ಗೋಡೆಯ ಆಚೆಗೇ ಕೂತಿದ್ದಾರೆ. ಮೈಕ್ ಬೇಡವೆಂದದ್ದು ಅದಕ್ಕೇ. ಈಗ ದೇವೇಂದ್ರನಿಗಾಗಿ ಎಲ್ಲರೂ ಎದ್ದು ನಿಲ್ಲಿ — ಕುರ್ಚಿ ಸದ್ದಾಗದಂತೆ. ಅಳು ಬಂದವರು ಬಾಯಿಗೆ ಸೆರಗು ಒತ್ತಿಕೊಳ್ಳಿ.