ಕರೆ ಮುಗಿಯುವುದು ಸಾಗರದಲ್ಲಿ

ವೇದಿಕೆಯ ಎತ್ತರದ ಕುರ್ಚಿಯಲ್ಲಿರುವ ಅಧ್ಯಕ್ಷ ಹರಿಪ್ರಸಾದರೇ, ಕಷಾಯಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ಸಭಿಕರೇ,

ಒಂದು ಐತಿಹಾಸಿಕ ಘೋಷಣೆ! ಹಿನ್ನೀರಿನಾಚೆಯ ಬ್ಯಾಕೋಡಿನ ಕಂಪ್ಯೂಟರು ಇಂಟರ್ನೆಟ್ಟಿಗಾಗಿ ಕೀಂಯ್ ಎಂದು ಚೀರುತ್ತಾ ಮಾಡುವ ಫೋನ್ ಕರೆ ಎಲ್ಲಿ ಮುಗಿಯುತ್ತದೆ? ನಮ್ಮ ಸಾಗರ ಪೇಟೆಯಲ್ಲಿ ಮುಗಿಯುತ್ತದೆ ಎಂದು ಕಳೆದ ವಾರ ಮಧ್ಯಸ್ಥರ ಮುಂದೆ ಇತ್ಯರ್ಥವಾಯಿತು. ಇದನ್ನು ಸಾಧಿಸಿದ ಮುಕುಂದಯ್ಯನಿಗೆ, ಅಂದರೆ ನನಗೆ, ನೀವು ಶಾಲು ಹೊದಿಸಿದ್ದೀರಿ.

ಇದೆಂಥ ಸಾಧನೆ ಎನ್ನುತ್ತೀರಾ? ಕರೆ ಹೊರಡಿಸಿದ ಕಂಪನಿಯು ಅದನ್ನು ಮುಟ್ಟಿಸಿದ ಕಂಪನಿಗೆ ನಿಮಿಷಕ್ಕಿಷ್ಟು ಎಂದು ಕೊಡಬೇಕು. ಬ್ಯಾಕೋಡಿನ ಲೈನು ಬೇರೆ ಕಂಪನಿಯದು; ಇಂಟರ್ನೆಟ್ ನಂಬರು ಸಾಗರದ ನಮ್ಮ ಕಂಪನಿಯದು. ಮಾತಿನ ಕರೆಗಳು ಎರಡೂ ಕಡೆ ಓಡಾಡುತ್ತವೆ, ಲೆಕ್ಕ ಸರಿಹೋಗುತ್ತದೆ. ಇಂಟರ್ನೆಟ್ಟು ಎಂದಾದರೂ ತಿರುಗಿ ಫೋನ್ ಮಾಡಿದ್ದುಂಟೇ? ಹಾಗಾಗಿ ಹಣವೆಲ್ಲ ನಮಗೇ ಬರಬೇಕು. ಅದಕ್ಕೆ ಮಾಡಿದ ಕರೆ ಬರುತ್ತದೆ, ಗಂಟೆಗಟ್ಟಲೆ ಕೂರುತ್ತದೆ, ನಮ್ಮ ಮಾವನ ಹಾಗೆ.

"ಸಾಗರದಲ್ಲಿ ಎಲ್ಲಿ ಮುಗೀತು ಮಾರಾಯ್ರೆ? ಅಲ್ಲಿಂದ ಅಮೆರಿಕಕ್ಕೆ ಹೋಗ್ತದಲ್ಲ! ನಿಮಗೆಂತಕ್ಕೆ ಕೊಡೋದು?" ಎಂದರು ಆ ಕಂಪನಿಯ ಪೂರ್ಣೇಶ್.

ನಾನೆದ್ದು, "ಹಿನ್ನೀರಿನ ಲಾಂಚು ದಡ ಮುಟ್ಟಿದರೆ ಅದರ ಕೆಲಸ ಮುಗಿಯಿತು. ಇಳಿದವರು ತೀರ್ಥಹಳ್ಳಿಗೆ ಹೋಗಲಿ, ಕಾಶಿಗೆ ಹೋಗಲಿ, ಲಾಂಚಿಗೇನು?" ಎಂದೆ. ಮಧ್ಯಸ್ಥರು ಮೇಜು ಕುಟ್ಟಿ ನಕ್ಕರು. ಗೆದ್ದೆವು.

ಮಾರನೇ ದಿನ ಪೂರ್ಣೇಶ್ ಬ್ಯಾಕೋಡಿನಿಂದ ನಮ್ಮ ಇಂಟರ್ನೆಟ್ ನಂಬರಿಗೆ ಕರೆ ಹೋಗದಂತೆಯೇ ಮಾಡಿದರು. ಕರೆಯೇ ಇಲ್ಲದ ಮೇಲೆ ಕೊಡುವುದೇನು?

ಊರಿಗಿರುವ ಒಂದೇ ಕಂಪ್ಯೂಟರು ಬಂಗಾರಮ್ಮನ ಫೋನ್ ಅಂಗಡಿಯಲ್ಲಿದೆ. ಇಂದು ಬೆಳಿಗ್ಗೆ ಅವರೇ ನನಗೆ ಫೋನ್ ಮಾಡಿದರು.

"ಸಾರ್, ಕರೆ ಸಾಗರದಲ್ಲೇ ಮುಗೀತದೆ ಅಂದ್ರಂತೆ? ಈಗ ನನ್ನಂಗ್ಡಿ ಮೇಜಿನ ಮೇಲೇ ಮುಗೀತು ನೋಡಿ. ನಾಳೆ ಎಸ್ಸೆಸ್ಸೆಲ್ಸಿ ರಿಸಲ್ಟು. ಮಕ್ಕಳಿಗೆ ಎಂತ ಹೇಳ್ಲಿ?"

"ಪರಿಶೀಲಿಸುತ್ತೇವೆ ಅಮ್ಮ."

"ಹೂಂ, ಇವತ್ತು ಸನ್ಮಾನದ ಶಾಲು ಹೊದ್ಕೊಂಡು ಬೆಚ್ಚಗೆ ಪರಿಶೀಲ್ಸಿ."

ಸಭಿಕರೇ, ಅಷ್ಟು ಚೆಂದದ ಲಾಂಚಿನ ಮಾತಾಡಿದ ನಾನು ಪೆನ್ನು ಹಿಡಿದು, ಬಂಗಾರಮ್ಮ ಹೇಳಿದ ಮಕ್ಕಳ ರಿಜಿಸ್ಟರ್ ನಂಬರುಗಳನ್ನು ಬರೆದುಕೊಂಡೆ. ಮಕ್ಕಳು ಎಂಬ ಪದವನ್ನು ನಮ್ಮ ಸಭೆಗಳಲ್ಲಿ ಒಬ್ಬರೂ ಆಡಿರಲಿಲ್ಲ. ನಾನಂತೂ ಆಡಿರಲಿಲ್ಲ. ಶಾಲು ಹೊದಿಸುವಾಗ ನಾನು ತಲೆ ತಗ್ಗಿಸಿದ್ದನ್ನು ನಿರೂಪಕಿ ರಂಜನಾ ಅವರು ಸೌಜನ್ಯವೆಂದು ಬಣ್ಣಿಸಿದರು. ತಾಯೀ, ಅದು ಸೌಜನ್ಯವಲ್ಲ.

ಪೂರ್ಣೇಶರೊಂದಿಗೆ ರಾಜಿಯಾಗಲು ತಿಂಗಳು ಹಿಡಿದೀತು, ಫಲಿತಾಂಶ ನಾಳೆಯೇ. ಆದ್ದರಿಂದ ಮನೆಯಲ್ಲಿ ಇಂಟರ್ನೆಟ್ ಇರುವವರು ದಯವಿಟ್ಟು ಬಾಗಿಲ ಬಳಿ ನನ್ನನ್ನು ಕಂಡು, ಬ್ಯಾಕೋಡಿನ ನಾಲ್ಕಾರು ಮಕ್ಕಳ ರಿಜಿಸ್ಟರ್ ನಂಬರು ಪಡೆದುಕೊಂಡು ಹೋಗಿ. ನಾಳೆ ಫಲಿತಾಂಶ ನೋಡಿ ಬಂಗಾರಮ್ಮನ ಅಂಗಡಿಗೆ ಫೋನ್ ಮಾಡಿ. ಮಾತಿನ ಕರೆ ಈಗಲೂ ಹೋಗುತ್ತದೆ. ಫೇಲಾದವರ ಸುದ್ದಿಯನ್ನು ಮೆಲ್ಲಗೆ ಹೇಳಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ಲೈನು ಬ್ಯುಸಿ ಬಂದರೆ ಬಿಡಬೇಡಿ, ಮತ್ತೆ ಮಾಡಿ. ನಮಸ್ಕಾರ.