ಮೇಣದಲ್ಲಿ ಅದ್ದಿದ ದನಿ

ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಭಾವನಿಗೇ ಆಗಿದ್ದು.

ಆ ರಾತ್ರಿ ಅಂಗಡಿಗೆ ಬೀಗ ಹಾಕಿ, ಹಾಳು ಬಾವಿ ಪಕ್ಕದ ದಾರೀಲಿ ಮನೆಗೆ ಬರ್ತಿದ್ರು. ಯಾರೋ ಬಾಯಿ ಮುಚ್ಚಿಕೊಂಡೇ ಹಾಡು ಗುನುಗೋ ಹಾಗೆ... ಮ್‌ಮ್... ಮ್‌ಮ್... ಹಿಂದೆ ತಿರುಗಿದ್ರು. ಯಾರೂ ಇಲ್ಲ. ಬಾವಿಗೆ ಬಗ್ಗಿದ್ರು. ಅಲ್ಲಿಂದಲೂ ಅಲ್ಲ. ಗಂಟಲ ಮೇಲೆ ಕೈ ಇಟ್ಕೊಂಡ್ರು... ಗುನುಗು ಅಲ್ಲೇ ಅದುರ್ತಿತ್ತು.

ಆವತ್ತು ಹಗಲು ಏನು ಮಾಡಿದ್ರು ಅಂತ ಕೇಳಿ. ಭಾವನ ಕಸುಬು ಹಳೇ ಎಲೆಕ್ಟ್ರಿಕ್ ಗಿಟಾರ್‌ಗಳನ್ನ ಮೊದಲಿನ ಹಾಗೆ ಮಾಡೋದು. ಗಿಟಾರ್ ಯಾವ ವರ್ಷದ್ದೋ ಸ್ಕ್ರೂ, ಬಣ್ಣ ಎಲ್ಲ ಆ ವರ್ಷದ್ದೇ ಆಗಬೇಕು. ಹೊಸ ಸ್ಕ್ರೂ ಹಾಕಿದ್ರೆ ಅಜ್ಜಿಗೆ ಲಂಗ ತೊಡಿಸಿದ ಹಾಗೆ ಅಂತಾರೆ. ಸಂಗೀತ ಮಾತ್ರ ಸೊನ್ನೆ. ಅವರು ಬಾಯಿ ತೆಗೆದ್ರೆ ಅಕ್ಕ ಕಿಟಕಿ ಮುಚ್ತಾಳೆ.

ನಮ್ಮ ಬೀದೀಲಿ ಬಟ್ಟೆ ಹೊಲಿಯೋ ಹೆಂಗಸು, ತೀರಿಹೋದ ಮಗನ ಗಿಟಾರ್ ತಂದಿದ್ರು. "ಬಣ್ಣ ಎದ್ದಿದೆ. ವೈರ್ ಚುಚ್ಚೋ ಕಡೆ ಸಡಿಲ ಆಗಿದೆ. ಅಷ್ಟೇ ಸರಿಮಾಡಿ ಅಣ್ಣ. ಬೇರೇನೂ ಮುಟ್ಟಬೇಡಿ."

ಬಣ್ಣ ಆಯ್ತು. ಸ್ಪೀಕರಿಗೆ ಜೋಡಿಸಿದ್ರು. ತಂತಿ ಮುಟ್ಟೇ ಇಲ್ಲ... ಒಳಗೆ ಸಣ್ಣಗೆ ಗುನುಗು. ತಂತಿ ಕೆಳಗೆ ಸದ್ದು ಹಿಡಿಯೋ ಪಿಕಪ್ಪಿನ ತಾಮ್ರದ ಸುರುಳಿ ಹಳೇದಾದ್ರೆ ಸಡಿಲವಾಗಿ ಸುತ್ತಲಿನ ಸದ್ದನ್ನೆಲ್ಲ ಹಿಡಿಯತ್ತೆ. ಪಕ್ಕದ ಮನೆ ರೇಡಿಯೋ ಅಂದ್ಕೊಂಡ್ರು. ಅದಕ್ಕೆ ಮದ್ದು ಬಿಸಿ ಮೇಣದಲ್ಲಿ ಅದ್ದಿ ಸುರುಳಿ ಬಿಗಿ ಮಾಡೋದು. ಆ ಗಿಟಾರ್ ಮಾಡಿದ ಕಾಲದಲ್ಲಿ ಪಿಕಪ್ಪಿಗೆ ಮೇಣ ಹಾಕ್ತಿರಲಿಲ್ಲ, ಭಾವನಿಗೆ ಚೆನ್ನಾಗಿ ಗೊತ್ತು. ಆದ್ರೂ ಕೈ ಸುಮ್ನಿರಲಿಲ್ಲ. ಅದ್ದಿದ್ರು. ಗುಳ್... ಗುಳ್... ಗಾಳಿಗುಳ್ಳೆ ಎದ್ದವು. ಕೊನೇದೊಂದು ಉದ್ದಕ್ಕೆ... ಯಾರೋ ಉಸಿರು ಬಿಟ್ಟ ಹಾಗೆ. ಬಗ್ಗಿ ನೋಡ್ತಿದ್ದ ಭಾವನ ಮುಖಕ್ಕೇ ಬಡೀತು.

ಮಾರನೇ ದಿನ ಆಕೆ ಬಂದು ಸ್ಪೀಕರಿಗೆ ಕಿವಿ ಒತ್ತಿದ್ರು. ಏನೂ ಇಲ್ಲ.

"ದಿನಾ ಸಂಜೆ ಇದರಲ್ಲಿ ಗುನುಗ್ತಿದ್ದ... ನನ್ನ ಮಗ ಎಲ್ಲಿ ಅಣ್ಣಾ?"

ಬೈಯಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಆ ರಾತ್ರಿ ಅಕ್ಕನೇ ಓಡಿಹೋಗಿ ಆ ತಾಯಿನ ಕರ್ಕೊಂಡು ಬಂದ್ಲು. ಭಾವನಿಗೆ ಗಾಢ ನಿದ್ದೆ. ಗಂಟಲಲ್ಲಿ ಯಾವನೋ ಹುಡುಗನ ದನಿ, ಶ್ರುತಿ ಒಂದಿಷ್ಟೂ ತಪ್ಪಿಲ್ಲ. ಆಕೆ ಹಾಸಿಗೆ ಪಕ್ಕ ಕೂತು ಕೇಳಿದ್ರು. ಅತ್ತರು. ಏಳುವಾಗ ಪಿಸುಗುಟ್ಟಿದ್ರು: "ಸಾಕು, ಮಲಗು ಕಂದ." ಮಗ ರಾತ್ರಿಯೆಲ್ಲ ಗಿಟಾರ್ ಹಿಡಿದು ಕೂತಾಗ ಹಾಗೇ ಹೇಳ್ತಿದ್ರಂತೆ. ಗುನುಗು ಅಲ್ಲಿಗೇ ನಿಂತಿತು.

ಆಮೇಲೆ ದಿನಾ ಬರೋರು. ಗುಂಡಿ ಹೊಲೀತಾ ಕೇಳೋರು. ಒಂದಿನ ಭಾವ ಕೈ ಮುಗಿದು, "ವಾಪಸ್ ಕೊಡೋದು ಹೇಗೆ ಅಂತ ನನಗೆ ಗೊತ್ತಿಲ್ಲಮ್ಮ" ಅಂದ್ರು.

"ಇರ್ಲಿ ಬಿಡಿ. ನಿಮ್ಮಲ್ಲಾದ್ರೂ ಬೆಚ್ಚಗಿದಾನೆ."

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡ್ರು. ಆವತ್ತು ಬೆಳಗಾದ್ರೂ ಗುನುಗು ನಿಲ್ಲಲಿಲ್ಲ. ಅಕ್ಕ ಭಾವನ ಕಿವಿ ಹತ್ರ ಬಗ್ಗಿ, "ಸಾಕು, ಮಲಗು ಕಂದ" ಅಂದ್ಲು. ನಾನೂ ಅಂದೆ. ಊಹೂಂ... ಅಮ್ಮನ ದನಿ ಯಾವುದು ಅಂತ ಮಗನಿಗೆ ಗೊತ್ತಾಗಲ್ವಾ?

ನಿಜ ಕಣ್ರೋ, ಸುಳ್ಳು ಹೇಳಿ ನನಗೇನು ಸಿಗಬೇಕು? ಆ ಫ್ಯಾನ್ ಆರಿಸಿ... ಈಗ ಕೇಳಿ. ಭಾವ ಮಲಗಿರೋ ಒಳಗಿನ ಕೋಣೆ ಕಡೆಯಿಂದ.

ಇನ್ನೂ ಮಲಗಿಲ್ಲ ಅವನು.